ಮಂಗಳನ ಊರಿಗೆ ಹೋಗಿ ಬಂದೆ ಕಣೋ

ಪ್ರೀತಿಯ ಮಂಜು,

ಮೊನ್ನೆ ಶನಿವಾರ ಮಗಳ ಶಾಲೆಗೆ ಸಂಚಾರಿ ತಾರಾಲಯ ಬಂದಿತ್ತು. ಪೋಷಕರೂ ಬರಬಹುದು ಅಂದಿದ್ದರು, ಅರ್ಧ ದಿನ ಅಂಗಡಿ ಬಾಗಿಲು ಹಾಕಿ ಹೋದೆ. ಸಭಾಂಗಣದಲ್ಲಿ ಗಾಳಿ ತುಂಬಿ ನಿಲ್ಲಿಸಿದ ದೊಡ್ಡ ಗುಡಾರ. ಬಗ್ಗಿ ಒಳಗೆ ನುಸುಳಿ, ಮಕ್ಕಳ ನಡುವೆ ಜಮಖಾನದ ಮೇಲೆ ಅಂಗಾತ ಮಲಗಿದೆ. ದೀಪ ಆರಿತು. ನೆತ್ತಿಯ ಮೇಲೆ ಮಂಗಳ ಗ್ರಹ ಕೆಂಪಗೆ ಮೂಡಿತು.

ಒಲಿಂಪಸ್ ಮಾನ್ಸ್ ಅನ್ನೋ ಜ್ವಾಲಾಮುಖಿ ತೋರಿಸಿದರು, ಎತ್ತರ ಸುಮಾರು 22 ಕಿಲೋಮೀಟರ್. ನಾವಿಬ್ಬರೂ ಏದುಸಿರು ಬಿಡುತ್ತಾ ಹತ್ತಿದ ಮುಳ್ಳಯ್ಯನಗಿರಿ ಎರಡು ಕಿಲೋಮೀಟರೂ ಇಲ್ಲವಲ್ಲೋ! ಆಮೇಲೆ ಅಲ್ಲಿನ ಸೂರ್ಯಾಸ್ತ. ಆಕಾಶವೆಲ್ಲ ಮಣ್ಣಿನ ಬಣ್ಣ, ಮುಳುಗುವ ಸೂರ್ಯನ ಸುತ್ತ ಮಾತ್ರ ತೆಳು ನೀಲಿ. ಅಲ್ಲಿನ ನುಣ್ಣನೆ ಧೂಳು ಬೆಳಕನ್ನು ಚದುರಿಸೋ ರೀತಿಯೇ ಹಾಗೆ. ಪಕ್ಕದಲ್ಲಿದ್ದ ಮಗಳು ಆ ನೀಲಿ ಮುಟ್ಟೋಕೆ ಕೈ ಚಾಚಿದಳು. ಅವಳ ಐದು ಬೆರಳಿನ ನೆರಳು ಮಂಗಳನ ಆಕಾಶದ ಮೇಲೆ ಬಿತ್ತು.

ಮಂಗಳನ ನೆಲದ ಮೇಲೆ ಓಡಾಡೋ ಕ್ಯೂರಿಯಾಸಿಟಿ, ಪರ್ಸಿವಿಯರೆನ್ಸ್ ಗಾಡಿಗಳು, ಅಲ್ಲಿ 72 ಸಲ ಹಾರಿದ ಪುಟ್ಟ ಹೆಲಿಕಾಪ್ಟರ್ ಎಲ್ಲ ಚೆನ್ನಾಗಿ ಬಂತು. ನಮ್ಮ ಮಂಗಳಯಾನಕ್ಕೆ ಮಾತ್ರ ಒಂದೇ ನಿಮಿಷ. ಹೊಟ್ಟೆಯೊಳಗೆ ಸಂಕಟವಾಯ್ತು ಕಣೋ.

2014ರ ಸೆಪ್ಟೆಂಬರ್ 24, ಮಂಗಳಯಾನ ಮಂಗಳನ ಕಕ್ಷೆ ಸೇರಿದ ದಿನ ನೆನಪಿದೆಯಾ? ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲು, ಗೋಡೆ ಮೇಲಿನ ಟಿವಿ. ಸುಮಾರು 300 ದಿನ ಸುಮ್ಮನಿದ್ದ ಎಂಜಿನ್ನು ಅದು. ಎರಡು ದಿನ ಮೊದಲು ನಾಲ್ಕೇ ಸೆಕೆಂಡ್ ಉರಿಸಿ ನೋಡಿದ್ದರು. ಕಕ್ಷೆ ಸೇರೋಕೆ ಅವತ್ತು ಬೆಳಿಗ್ಗೆ 7.17ರಿಂದ 24 ನಿಮಿಷ ಉರಿಯಬೇಕಿತ್ತು. ನಡುವೆ ನೌಕೆ ಮಂಗಳನ ಹಿಂದೆ ಮರೆಯಾಯ್ತು, ಸದ್ದಿಲ್ಲ ಸುದ್ದಿಯಿಲ್ಲ. ಸಂಕೇತ ಇಲ್ಲಿಗೆ ತಲುಪೋಕೇ 12 ನಿಮಿಷ ಬೇರೆ. ನಿನ್ನ ದೋಸೆ ಆರಿಹೋಯ್ತು, ಸಪ್ಲೈಯರ್ ಸಾಂಬಾರ್ ಬಕೆಟ್ ಹಿಡಿದು ಅಲ್ಲೇ ನಿಂತುಬಿಟ್ಟ. ಎಂಟು ಗಂಟೆ ಹೊತ್ತಿಗೆ ಗೆದ್ದ ಸುದ್ದಿ ಬಂದಾಗ ಗಲ್ಲಾದಲ್ಲಿದ್ದ ಯಜಮಾನರು ಕಣ್ಣೊರೆಸಿಕೊಂಡರು. ಆರು ತಿಂಗಳಿಗೆ ಅಂತ ಕಳಿಸಿದ ನೌಕೆ ಏಳು ವರ್ಷಕ್ಕೂ ಹೆಚ್ಚು ದುಡಿದು, 2022ರಲ್ಲಿ ಮಾತು ನಿಲ್ಲಿಸಿತು.

ಸಂಜೆ ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಎಂಸಿಎಫ್, ಅದೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ದಾಟುವಾಗ ಮಗಳು ಸ್ಕೂಟರ್ ನಿಲ್ಲಿಸು ಅಂದಳು. "ಅಪ್ಪಾ, ಮಂಗಳಯಾನದ ಜೊತೆ ಮಾತಾಡಿದ್ದು ಇಲ್ಲಿಂದಾನಾ?" ಇಲ್ಲ ಪುಟ್ಟಿ, ಇವರು 36,000 ಕಿಲೋಮೀಟರ್ ಮೇಲಿರೋ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳೋರು. ಮಂಗಳಯಾನದ ಮಾತು ಕೇಳಿದ್ದು ಬೆಂಗಳೂರು ಪಕ್ಕದ ಬ್ಯಾಲಾಳಿನ 32 ಮೀಟರ್ ಅಗಲದ ಆಂಟೆನಾ ಅಂದೆ. ಅಷ್ಟು ದೊಡ್ಡ ಕಿವಿನಾ ಅಂತ ಎರಡೂ ಕೈ ಅಗಲಿಸಿದಳು.

ದಸರಾ ರಜೆಗೆ ಬಾ. ಆ ಬೆಳಿಗ್ಗೆಯ ಕತೆ ಅವಳಿಗೆ ನೀನೇ ಹೇಳಬೇಕು. ಆ ಹೋಟೆಲ್ ಇನ್ನೂ ಇದೆ, ಅದೇ ಮೇಜಿಗೆ ಕೂರೋಣ.

ನಿನ್ನ,
ಶಿವು