ಎಡಗೈ ಮಡಚ್ತು, ಎಲ್ರಿಗೂ ಥ್ಯಾಂಕ್ಸ್

ಮೊನ್ನೆ ಎಡಗೈಲಿ ಲೋಟ ಹಿಡಿದು ಬಾಯಿವರೆಗೂ ತಂದು ನೀರು ಕುಡಿದೆ. ಆಕ್ಸಿಡೆಂಟಲ್ಲಿ ನರ ಕಡಿದು ಎಡಗೈ ಮಡಚೋಕೇ ಆಗದಂಗಾಗಿದ್ದು, ಆಮೇಲಿನ ಆಪರೇಷನ್ನು ಎಲ್ಲಾ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರೋದೇ, ಪೂರ್ತಿ ಮತ್ತೆ ಬರೆಯಲ್ಲ. ಆಸ್ಪತ್ರೆಗೆ ಊಟ ತಂದವರು, ದುಡ್ಡು ಹೊಂದಿಸಿದವರು, ನನ್ನ ಕೆಲಸ ತಾವೇ ಮಾಡಿಕೊಟ್ಟ ಆಫೀಸ್‌ನವರು, ದಿನಾ ಮೆಸೇಜ್ ಮಾಡಿದ ಗೆಳೆಯರು, ನಿಮಗೆಲ್ಲ ಮನಸಾರೆ ಥ್ಯಾಂಕ್ಸ್.

ಭಾವನ ಬಗ್ಗೆ ಮಾತ್ರ ಒಂದೆರಡು ಸಾಲಲ್ಲಿ ಮುಗಿಸೋಕೆ ಆಗಲ್ಲ.

ಮಂಡ್ಯದ ಕಡೆ ಊರಲ್ಲಿ ಕಟಾವಿಗೆ ಬಂದ ಕಬ್ಬು ಹಂಗೇ ಬಿಟ್ಟು ಬಂದಿದ್ರು ಅವರು. ಮೊದಲನೇ ಇಎಂಜಿ ಟೆಸ್ಟ್ (ಸ್ನಾಯುವಿನೊಳಗಿನ ಕರೆಂಟ್ ಸಿಗ್ನಲ್ ನೋಡೋ ಟೆಸ್ಟ್) ದಿನ ನನ್ನ ಪಕ್ಕದಲ್ಲೇ ಇದ್ರು. ನರ ಕಡಿದುಹೋದ್ರೆ ಸ್ನಾಯುವಲ್ಲಿ ಅದರ ಗುರುತು ಕಾಣೋಕೆ 2-3 ವಾರ ಬೇಕು, ಅದಕ್ಕೇ ಅಲ್ಲೀವರೆಗೂ ಕಾಯಿಸಿದ್ರು. ಮೊಣಕೈ ಮಡಚೋ ತೋಳಿನ ಸ್ನಾಯು ಬೈಸೆಪ್ಸ್‌ಗೆ ಸೂಜಿ ಚುಚ್ಚಿ, ಕೈ ಸಡಿಲ ಬಿಡಿ ಅಂದ್ರು, ಮಿಷಿನ್ ಸ್ಪೀಕರ್‌ನಲ್ಲಿ ತಗಡಿನ ಸೂರಿನ ಮೇಲೆ ಮಳೆ ಬಿದ್ದಂಗೆ ಟಪಟಪ ಸದ್ದು. ಭಾವನ ಮುಖ ಅರಳಿತು, "ಸದ್ದು ಬತ್ತಾ ಅದಲ್ಲ ಡಾಕ್ಟ್ರೇ, ಜೀವ ಅದೆ ಅಂತ ಅಲ್ವಾ?" ಅಂದ್ರು. ಡಾಕ್ಟರ್ ನಿಧಾನಕ್ಕೆ ಹೇಳಿದ್ರು, ಆರೋಗ್ಯವಾಗಿರೋ ಸ್ನಾಯು ಸಡಿಲ ಬಿಟ್ಟಾಗ ಸುಮ್ನಿರುತ್ತೆ, ನರದ ಸಂಪರ್ಕ ತಪ್ಪಿದ ಸ್ನಾಯುವಿನ ಎಳೆಗಳೇ ತಮ್ಮಷ್ಟಕ್ಕೆ ತಾವೇ ಹಿಂಗೆ ಮಿಡಿಯೋದು ಅಂತ. ಆಮೇಲೆ ಕೈ ಮಡಚೋಕೆ ಟ್ರೈ ಮಾಡಿ ಅಂದಾಗ ಹೊಸದಾಗಿ ಒಂದು ಸದ್ದೂ ಬರಲಿಲ್ಲ.

ಅವತ್ತು ರಾತ್ರಿ ನನ್ನ ಜೀವನದಲ್ಲೇ ಕೆಟ್ಟ ರಾತ್ರಿ. ಅಲ್ಲಾಡದ ಕೈಯಲ್ಲಿ ಅಷ್ಟು ನೋವು ಹೆಂಗಿರುತ್ತೆ ಅಂತ ಅನುಭವಿಸದವರಿಗೆ ಹೇಳೋದು ಕಷ್ಟ, ಹೆಬ್ಬೆರಳಿಂದ ಮೊಣಕೈವರೆಗೂ ಉರಿ, ಮಾತ್ರೆಗೂ ಬಗ್ಗಲಿಲ್ಲ, ಹೊದಿಕೆ ತಾಕಿದ್ರೂ ಕಿರುಚಿಕೊಳ್ತಿದ್ದೆ. ಈ ಕೈ ಕತ್ತರಿಸಿ ಬಿಸಾಕೋಕೆ ಹೇಳಿ ಭಾವ ಅಂದೆ, ಕೆಟ್ಟಕೆಟ್ಟದಾಗಿ ಬೈದೆ. ಅವರು ದಿಂಬು ಮಡಚಿ ನನ್ನ ಮೊಣಕೈ ಕೆಳಗಿಟ್ಟು ಅದು ಜಾರದಂಗೆ ಬೆಳಗಿನವರೆಗೂ ಹಿಡ್ಕೊಂಡೇ ಕೂತಿದ್ರು. "ಬಯ್ಯದಾದ್ರೆ ನನ್ನ ಬಯ್ಯಪ್ಪ, ಕೈನ ಬಯ್ಬ್ಯಾಡ, ಅದೇನ್ ಮಾಡ್ತು ಪಾಪ" ಅಂದ್ರು. ಇದನ್ನ ಟೈಪ್ ಮಾಡ್ತಾ ಈಗಲೂ ಕಣ್ಣು ತುಂಬ್ತಿದೆ, ಆ ರಾತ್ರಿ ಅವರಿಲ್ಲದೇ ಇದ್ದಿದ್ರೆ ನಾನು ಏನು ಮಾಡ್ಕೊಂಡಿರ್ತಿದ್ದೆನೋ ಗೊತ್ತಿಲ್ಲ.

ಸರ್ಜನ್ ಮಾಡಿದ್ದು ಇಷ್ಟು, ಅಂಗೈ ಕಡೆ ಹೋಗೋ ನರದಿಂದ ಒಂದು ಎಳೆ ಬಿಡಿಸಿ ಬೈಸೆಪ್ಸ್ ನರಕ್ಕೆ ಜೋಡಿಸಿದ್ರು. ಫ್ರಾನ್ಸಿನ ಓಬರ್ಲಿನ್ ಅನ್ನೋ ಸರ್ಜನ್ 1994ರಲ್ಲಿ ಪ್ರಕಟಿಸಿದ ವಿಧಾನ ಅದು. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತೆ ಅಷ್ಟೇ, ಹಂಗಾಗಿ ತಿಂಗಳುಗಟ್ಟಲೆ ಕೈ ಜೋತುಬಿದ್ದೇ ಇತ್ತು. ಮತ್ತೆ ಇಎಂಜಿ ಮಾಡಿಸಿದಾಗ ಟೆಕ್ನಿಷಿಯನ್ ಅಕ್ಕ ಮುಷ್ಟಿ ಬಿಗಿ ಹಿಡೀರಿ ಅಂದ್ರು, ಯಾಕಂದ್ರೆ ಬೈಸೆಪ್ಸ್‌ಗೆ ಈಗ ಸಿಗ್ನಲ್ ಬರೋದು ಅಂಗೈ ನರದಿಂದ. ಬಿಗಿ ಹಿಡಿದೆ. ಕೈ ಒಂಚೂರೂ ಮೇಲೇಳಲಿಲ್ಲ, ಆದ್ರೆ ಸ್ಕ್ರೀನ್ ಮೇಲೆ ಸಣ್ಣ ಸಣ್ಣ ಹಲ್ಲಿನಂಥ ಗೆರೆ, ಸ್ಪೀಕರ್‌ನಲ್ಲಿ ಪರಪರ ಸದ್ದು, ಮುಷ್ಟಿ ಬಿಟ್ರೆ ನಿಲ್ಲುತ್ತೆ, ಬಿಗಿ ಮಾಡಿದ್ರೆ ಮತ್ತೆ ಬರುತ್ತೆ. ಕಣ್ಣಿಗೆ ಕಾಣೋಕೆ ಮುಂಚೆನೇ ಸ್ನಾಯು ಎದ್ದಿದೆ ಅಂತ ಆ ಮೈಕ್ರೋವೋಲ್ಟ್‌ ಲೆಕ್ಕದ ಪುಟ್ಟ ಕರೆಂಟ್ ಸಿಗ್ನಲ್‌ಗಳು ಹೇಳಿದ್ವು. ಅಕ್ಕ ವಾಲ್ಯೂಮ್ ಜಾಸ್ತಿ ಮಾಡಿ ಭಾವನ ಕಡೆ ನೋಡಿ, "ಸರ್, ಈ ಸದ್ದು ಒಳ್ಳೇದು" ಅಂದ್ರು. ಆ ಒಂದು ಮಾತಿಗೆ ಅವರಿಗೆ ನಾನು ಯಾವತ್ತೂ ಋಣಿ.

ಅಲ್ಲಿಂದ ಮುಂದೆ ಎಲ್ಲಾ ಫಿಸಿಯೋ ಮೇಡಂ ತಾಳ್ಮೆ. ಚರ್ಮದ ಮೇಲೆ ಸ್ನಾಯುವಿನ ಸಿಗ್ನಲ್ ಹಿಡಿಯೋ ಎಲೆಕ್ಟ್ರೋಡ್ ಅಂಟಿಸಿ, ಸ್ಕ್ರೀನ್ ಮೇಲಿನ ಗೆರೆ ಮೇಲೇರಿಸು ಇನ್ನೊಂಚೂರು ಅಂತ ಹೇಳಿಹೇಳಿ ಇಲ್ಲೀವರೆಗೆ ತಂದ್ರು.

ಯಾರಿಗಾದ್ರೂ ಆಕ್ಸಿಡೆಂಟ್ ಆಗಿ ಕೈ ಎತ್ತೋಕೆ ಆಗ್ತಿಲ್ಲ ಅಂದ್ರೆ ದಯವಿಟ್ಟು ತಾನಾಗೇ ಸರಿಹೋಗುತ್ತೆ ಅಂತ ವರ್ಷಗಟ್ಟಲೆ ಕೂರಬೇಡಿ, ಬೇಗ ತೋರಿಸಿ, ಇಂಥ ಸರ್ಜರಿಗೆ 6 ತಿಂಗಳೊಳಗಾದ್ರೆ ಒಳ್ಳೇದು, ತುಂಬಾ ತಡವಾದ್ರೆ ಸ್ನಾಯು ಕರಗಿಹೋಗಿ ನರ ತಲುಪಿದ್ರೂ ಉಪಯೋಗ ಇರಲ್ಲ.

ನನ್ನ ಭುಜ ಇನ್ನೂ ಪೂರ್ತಿ ಏಳ್ತಿಲ್ಲ, ಅದಕ್ಕೆ ಇನ್ನೊಂದು ಇಎಂಜಿ ಬಾಕಿ ಇದೆ. ಡೇಟ್ ಸಿಕ್ಕಿದ ತಕ್ಷಣ ಮೊದ್ಲು ನಂಗೆ ಫೋನ್ ಮಾಡು ಅಂತ ಭಾವ ಈಗಲೇ ಹೇಳಿದಾರೆ.