ಗೆದ್ದಾದ ಮೇಲೆ

ಪ್ರೀತಿಯ ಗೆಳೆಯಾ,

ಕೆಲ್ಲಿ ಕ್ಲಾರ್ಕ್ ಬಗ್ಗೆ ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಈಗ ಪೂರ್ತಿ ಕೇಳಲೇಬೇಕು.

ಅಮೆರಿಕದ ವರ್ಮಾಂಟ್‌ನಲ್ಲಿ ಬೆಳೆದವಳು. ಅವಳ ಆಟ, ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಸ್ನೋಬೋರ್ಡಿಂಗ್‌ನ ಹಾಫ್‌ಪೈಪ್. ಎರಡೂ ಬದಿ ಹಿಮದ ಗೋಡೆ, ಒಂದರಿಂದ ಹಾರಿ, ಗಾಳಿಯಲ್ಲಿ ತಿರುಗಿ, ಅದೇ ಗೋಡೆಗೆ ಇಳಿದು, ಎದುರಿನದಕ್ಕೆ ಜಾರಬೇಕು. 2002ರಲ್ಲಿ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಅವಳಿಗೆ ಬರೀ 18. ಮುಂದಿನ ಸಲ ನಾಲ್ಕನೇ ಸ್ಥಾನ. ಆಮೇಲೆ ಎರಡು ಕಂಚು.

ಆದರೆ ನನ್ನ ತಲೆಯಲ್ಲಿ ಕೂತಿರುವುದು ಪದಕಗಳಲ್ಲ. 2011ರ ಎಕ್ಸ್ ಗೇಮ್ಸ್, ಅಂದರೆ ಸಾಹಸ ಕ್ರೀಡೆಗಳ ದೊಡ್ಡ ಕೂಟ, ಅಮೆರಿಕದ ಆಸ್ಪೆನ್‌ನಲ್ಲಿ. ಕೊನೆಯ ಸುತ್ತಿಗೆ ಮುಂಚೆಯೇ ಅವಳ ಚಿನ್ನ ಖಾತ್ರಿಯಾಗಿತ್ತು. ಸುಮ್ನೆ ಕೈ ಬೀಸುತ್ತಾ ಇಳಿದು ಬಂದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು 1080 ಡಿಗ್ರಿಗೆ ಹೋದಳು. ಅಂದರೆ ಗಾಳಿಯಲ್ಲಿ ಪೂರ್ತಿ ಮೂರು ಸುತ್ತು. ಅಲ್ಲಿಯವರೆಗೆ ಯಾವ ಹೆಣ್ಣೂ ಸ್ಪರ್ಧೆಯಲ್ಲಿ ಅದನ್ನು ಮಾಡಿ ನಿಂತಿರಲಿಲ್ಲ. ಇವಳು ನಿಂತಳು.

ಗೆದ್ದಾದ ಮೇಲೆ ಯಾಕೆ ಬೇಕಿತ್ತು, ಹೇಳು? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ ಕಣೋ. ನನ್ನ ಕೆಲಸ ಗಟ್ಟಿಯಾಯಿತು, ನಾಲ್ಕು ಜನ ಹೆಸರು ಹಿಡಿದು ಕರೆಯುತ್ತಾರೆ. ಅಲ್ಲಿಂದಾಚೆ, ಬೀಳಬಹುದು ಅನಿಸಿದ ಯಾವುದಕ್ಕೂ ನಾನು ಕೈ ಹಾಕಿಲ್ಲ. ಹಾಡು ಕಲಿಯುವುದನ್ನು ಬಿಟ್ಟದ್ದು ಸಮಯ ಇಲ್ಲದೆ ಅಂತ ನಿನಗೆ ಹೇಳಿದ್ದೆ. ಸಮಯ ಇತ್ತು. ನನ್ನ ಅರ್ಧ ವಯಸ್ಸಿನವರ ಪಕ್ಕ ಕೂತು, ಅವರಿಗಿಂತ ಕೆಟ್ಟದಾಗಿ ಹಾಡುವುದು ಭಯವಾಗುತ್ತಿತ್ತು. ಈಗಲೂ ಆಗುತ್ತದೆ.

2018ರಲ್ಲಿ ದಕ್ಷಿಣ ಕೊರಿಯಾದ ಪಿಯೊಂಗ್‌ಚಾಂಗ್‌ನಲ್ಲಿ ಕೆಲ್ಲಿಗೆ 34, ಐದನೇ ಒಲಿಂಪಿಕ್ಸ್. ಚಿನ್ನ ಗೆದ್ದವಳು 17ರ ಕ್ಲೋಯಿ ಕಿಮ್. ಒಂದರ ಹಿಂದೊಂದು ಎರಡು 1080 ಹಾಕಿದಳು. ಆ ಹುಡುಗಿ ಚಿಕ್ಕವಳಿದ್ದಾಗಿನಿಂದ ಕೆಲ್ಲಿಯೇ ಅವಳ ಬೆನ್ನಿಗೆ ನಿಂತಿದ್ದಳು. ತಾನು ತೆರೆದ ದಾರಿಯಲ್ಲಿ ತನ್ನನ್ನೇ ದಾಟಿ ಹೋಗುವವಳಿಗೆ ಕಲಿಸುವುದು, ಮತ್ತೆ ಅವಳ ಜೊತೆಯಲ್ಲೇ ಕಣಕ್ಕಿಳಿಯುವುದು, ಎಂಥ ಎದೆ ಬೇಕು ಅಲ್ವಾ? ಕೆಲ್ಲಿ ಆ ದಿನ ನಾಲ್ಕನೆಯವಳಾದಳು. ಮುಂದಿನ ವರ್ಷ ನಿವೃತ್ತಿ ಹೇಳಿದಳು.

ಇಷ್ಟೆಲ್ಲ ಹೇಳಿಕೊಳ್ಳಬೇಕು ಅಂತ ಕೂತಿರಲಿಲ್ಲ, ಬಂದುಬಿಟ್ಟಿತು. ಆಸ್ಪೆನ್‌ನ ಆ ಕೊನೆಯ ಸುತ್ತಿನ ವಿಡಿಯೋ ಹುಡುಕಿ ನೋಡು, ಆಮೇಲೆ ಫೋನ್ ಮಾಡು. ನಿನ್ನ ಕತೆಯನ್ನೂ ಬೇಕಾದರೆ ಮೊದಲಿನಿಂದ ಹೇಳು, ಈ ಸಲ ಪೂರ್ತಿ ಕೇಳುತ್ತೇನೆ.

ನಿನ್ನವನೇ