ಗುರುತು ಪರಿಶೀಲನೆಯೇ ಸುರಕ್ಷತೆಯಲ್ಲ

ಮಾನ್ಯ ಸಂಪಾದಕರೇ,

ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಹಾಕಿಕೊಳ್ಳುವ ಆ್ಯಪ್ ಪ್ಲೇ ಸ್ಟೋರ್‌ನಿಂದ ಬಂದಿರಲಿ, ಬೇರೆಡೆಯಿಂದ ಬಂದಿರಲಿ, ಅದರ ತಯಾರಕರು ತಮ್ಮ ಗುರುತನ್ನು ಗೂಗಲ್‌ನಲ್ಲಿ ನೋಂದಾಯಿಸಿರಲೇಬೇಕು ಎಂಬ ನಿಯಮವನ್ನು ಆ ಕಂಪನಿ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ ಮತ್ತು ಥಾಯ್ಲೆಂಡ್‌ಗಳಲ್ಲಿ ಆರಂಭಿಸಿ ಮುಂದೆ ಎಲ್ಲೆಡೆಗೆ ವಿಸ್ತರಿಸುವುದು ಅದರ ಯೋಜನೆ. ಟೀಕೆಗಳು ಬಂದ ಮೇಲೆ ಅನುಭವಿ ಬಳಕೆದಾರರಿಗೆ ಪ್ರತ್ಯೇಕ ದಾರಿ ಬಿಡುವುದಾಗಿ ಹೇಳಿತಾದರೂ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ.

ಕಂಪನಿ ಹೇಳುವ ಭಯ ಸುಳ್ಳಲ್ಲ. ಬ್ಯಾಂಕಿನವನೆಂದು ಹೇಳಿಕೊಂಡು ಕರೆ ಮಾಡುವ ವಂಚಕ ಮೆಸೇಜಿನಲ್ಲಿ ಎಪಿಕೆ ಕಡತ, ಅಂದರೆ ಆ್ಯಪನ್ನು ಫೋನಿಗೆ ನೇರವಾಗಿ ಹಾಕಿಕೊಳ್ಳುವ ಕಡತ, ಕಳುಹಿಸುತ್ತಾನೆ. ಎಚ್ಚರಿಕೆ ಮೂಡಿದರೆ ‘ಸೆಟ್ಟಿಂಗ್ಸ್‌ಗೆ ಹೋಗಿ, ಅಲೋ ಒತ್ತಿ’ ಎಂದು ಕರೆ ಕಡಿಯದೆ ಒಂದೊಂದೇ ಹೆಜ್ಜೆ ಹೇಳಿಕೊಡುತ್ತಾನೆ. ಕೊನೆಗೆ ಆ್ಯಕ್ಸೆಸಿಬಿಲಿಟಿ ಅನುಮತಿ ಸಿಕ್ಕಿಬಿಟ್ಟರೆ ಆ ಆ್ಯಪ್ ಪರದೆಯ ಮೇಲಿರುವುದನ್ನು ಓದಬಲ್ಲದು, ಫೋನಿನ ಒಡೆಯರ ಬದಲು ತಾನೇ ಗುಂಡಿ ಒತ್ತಬಲ್ಲದು. ಅಂಗವಿಕಲರ ಅನುಕೂಲಕ್ಕೆಂದು ರೂಪಿಸಿದ ಸೌಲಭ್ಯ ಕಳ್ಳರ ಕೈಸೇರಿದ್ದು ನಿಜಕ್ಕೂ ನೋವಿನ ಸಂಗತಿ.

ಆದರೆ ಗುರುತಿನ ಚೀಟಿಯಿಂದ ತಯಾರಕರು ಯಾರೆಂದು ತಿಳಿದೀತೇ ಹೊರತು ಆ್ಯಪ್ ಒಳಗೆ ಏನು ಮಾಡುತ್ತಿದೆ ಎಂಬುದು ತಿಳಿಯುವುದಿಲ್ಲ. 2015ರಲ್ಲಿ ಆ್ಯಪ್ ತಯಾರಿಸಲು ಬಳಸುವ ಆ್ಯಪಲ್‌ನ ಎಕ್ಸ್‌ಕೋಡ್ ತಂತ್ರಾಂಶದ ಕಲಬೆರಕೆ ಪ್ರತಿಯಿಂದ ತಯಾರಾದ ಆ್ಯಪ್‌ಗಳು, ಚೀನಾದ ಹೆಸರಾಂತ ಮೆಸೇಜಿಂಗ್ ಆ್ಯಪ್ ವಿಚ್ಯಾಟ್ ಕೂಡ ಸೇರಿದಂತೆ, ಬಿಗಿ ತಪಾಸಣೆಗೆ ಹೆಸರಾದ ಆ್ಯಪ್ ಸ್ಟೋರ್‌ನ ಒಳಗೇ ನುಸುಳಿದ್ದವು. ಅವುಗಳ ತಯಾರಕರ ಗುರುತಿನಲ್ಲಿ ಯಾವ ದೋಷವೂ ಇರಲಿಲ್ಲ.

ಇನ್ನು ಹೊಸ ನಿಯಮದ ಪೆಟ್ಟು ಬೀಳುವುದು ಪ್ಲೇ ಸ್ಟೋರ್‌ನ ಹೊರಗಿರುವ ಎಫ್-ಡ್ರಾಯ್ಡ್‌ನಂಥ ಆ್ಯಪ್ ಭಂಡಾರಗಳಿಗೆ. 2010ರಿಂದ ನಡೆಯುತ್ತಿರುವ ಅದು ಮುಕ್ತ ತಂತ್ರಾಂಶಗಳ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಪಡೆದು, ಆ್ಯಪ್‌ಗಳನ್ನು ತಾನೇ ಕಟ್ಟಿ, ಖಾತೆ ತೆರೆಯುವಂತೆ ಯಾರನ್ನೂ ಕೇಳದೆ ಹಂಚುತ್ತದೆ. ಬಿಡುವಿನ ವೇಳೆಯಲ್ಲಿ ಆ್ಯಪ್ ಬರೆದು ಉಚಿತವಾಗಿ ಕೊಡುವವರು ಒಂದು ಕಂಪನಿಗೆ ಗುರುತಿನ ದಾಖಲೆ ಸಲ್ಲಿಸಲು ಒಪ್ಪದಿದ್ದರೆ ಅದರಲ್ಲಿ ತಪ್ಪೇನೂ ಕಾಣದು. ಎಲ್ಲ ಬಾಗಿಲುಗಳೂ ಒಬ್ಬರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದು 2019ರಲ್ಲೇ ಗೊತ್ತಾಗಿದೆ: ಹಾಂಗ್‌ಕಾಂಗ್ ಪ್ರತಿಭಟನೆಗಳ ವೇಳೆ ಪೊಲೀಸರು ಎಲ್ಲಿದ್ದಾರೆಂದು ತೋರಿಸುತ್ತಿದ್ದ ನಕ್ಷೆಯ ಆ್ಯಪನ್ನು ಆ್ಯಪಲ್ ತೆಗೆದುಹಾಕಿತು, ಐಫೋನಿನ ಸಾಮಾನ್ಯ ಬಳಕೆದಾರರಿಗೆ ಆ ಆ್ಯಪ್ ಪಡೆಯಲು ಬೇರೆ ಅಂಗಡಿಯೇ ಇರಲಿಲ್ಲ.

ವಂಚನೆಗೆ ತಡೆ ಬೀಳಬೇಕಾದದ್ದು ಅನುಮತಿ ಕೊಡುವ ಆ ಗಳಿಗೆಯಲ್ಲಿ. ಅಪರಿಚಿತರೊಂದಿಗೆ ಕರೆ ನಡೆಯುತ್ತಿರುವಾಗ ಆ್ಯಕ್ಸೆಸಿಬಿಲಿಟಿ ಅನುಮತಿ ಕೊಡದಂತೆ ತಡೆಯುವ ವ್ಯವಸ್ಥೆಯನ್ನು ಗೂಗಲ್ ಆ್ಯಂಡ್ರಾಯ್ಡ್ 16ರಲ್ಲಿ ತಂದಿದೆ. ಇದನ್ನು ಹಳೆಯ ಫೋನ್‌ಗಳಿಗೂ ಒದಗಿಸಿ, ಅದರ ಫಲ ಏನೆಂದು ಲೆಕ್ಕ ಕೊಟ್ಟ ಮೇಲೆ ತಯಾರಕರ ನೋಂದಣಿಯ ಮಾತು ಎತ್ತಬಹುದಿತ್ತು.

ಇತಿ,
ತಮ್ಮ ಓದುಗ